ಬೋಜಮ್ಮನ ಬಿಡುಗಡೆ

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ನಿವೃತ್ತ ನ್ಯಾಯಾಧೀಶ ಚನ್ನಮಲ್ಲಪ್ಪನವರು ಅಧ್ಯಕ್ಷರ ಕುರ್ಚಿಯಲ್ಲಿ ಕೂರಲು ಒಪ್ಪಲೇ ಇಲ್ಲ.

"ಎಂಟು ಸಿಟಿಂಗ್ ಆಯ್ತು ಶಶಿಧರ, ಒಂದು ರೂಪಾಯಿ ಫೀಸು ಬಂದಿಲ್ಲ. ಇವತ್ತು ಬಿಲ್ ಪಾಸಾದ್ರೆ ವಿಚಾರಣೆ. ಇಲ್ದಿದ್ರೆ ನಾನು ನಮ್ಮೂರು ಶನಿವಾರಸಂತೆಯ ಬಸ್ ಹತ್ತೋದೇ!"

ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಗುಮಾಸ್ತ ಶಶಿಧರ ಬಾಗಿಲಾಚೆ ನೋಡಿದ. ಬೆಂಚಿನ ಮೇಲೆ ಬಾಳೆಲೆ ಊರಿನ ಬೋಜಮ್ಮ ಕೂತಿದ್ದರು. ಅಣ್ಣನ ಮಗ ಅವರನ್ನು ಆಸ್ಪತ್ರೆಗೆ ಸೇರಿಸಿ ಎರಡು ತಿಂಗಳಾಗಿತ್ತು. 'ನಾನು ಸರಿಯಾಗಿದ್ದೀನಿ, ಮನೆಗೆ ಬಿಡಿ' ಎಂದು ಅವರೇ ಅರ್ಜಿ ಹಾಕಿದ್ದರು. ವಿಚಾರಣೆ ಆಗಲೇ ಎರಡು ಸಲ ಮುಂದೆ ಹೋಗಿತ್ತು.

"ಇವತ್ತೂ ಇಲ್ವಾ ಮಗಾ?" ಎಂದರು ಬೋಜಮ್ಮ.

ಶಶಿಧರ ಬಿಲ್ ಹಿಡಿದು ಖಜಾನೆಗೆ ಓಡಿದ. ಅಲ್ಲಿ ಸುಮಿತಾ ಮೇಡಂ ಕನ್ನಡಕ ಏರಿಸಿದರು. "ಡಾಕ್ಟರ ಫೀಸೂ ಇದರಲ್ಲಿದೆ, ಅವರ ಸಹಿ ಎಲ್ರೀ?"

ಮಂಡಳಿಯ ಮನೋವೈದ್ಯೆ ವಿನುತಾ ಅಮ್ಮತ್ತಿಯ ಆರೋಗ್ಯ ಶಿಬಿರದಲ್ಲಿದ್ದರು. ದುಬಾರೆಗೆ ಹೊರಟ ಪ್ರವಾಸಿಗರ ಕಾರುಗಳ ಹಿಂದೆ ಶಶಿಧರನ ಸ್ಕೂಟರ್ ಗರ್ಭಿಣಿ ಆಮೆಯಂತೆ ತೆವಳಿತು. ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ವಾಪಸಾಗುವಷ್ಟರಲ್ಲಿ ಮೂರು ಗಂಟೆ.

"ಇಬ್ಬರದೂ ಪಾಸ್‌ಬುಕ್ ಜೆರಾಕ್ಸ್?" ಎಂದರು ಸುಮಿತಾ ಮೇಡಂ.

ಮತ್ತೆ ಕಚೇರಿಗೆ ಓಟ. ಪಕ್ಕದ ಮೇಜಿನ ಜಯಪ್ರಕಾಶ, "ಹೀಗೆ ಓಡಾಡಿದ್ರೆ ನಿನ್ನನ್ನೂ ವಿಚಾರಣೆಗೆ ಕೂರಿಸ್ತಾರೆ ಮಾರಾಯ!" ಎಂದು ಟೀ ಹೀರಿದ. ಶಶಿಧರ ಹಲ್ಲು ಕಡಿಯುತ್ತ ಫೈಲಿನಿಂದ ಎರಡು ಹಾಳೆ ಎಳೆದುಕೊಂಡು ಓಡಿದ. ಬಿಲ್ ಪಾಸಾಯಿತು!

ನಾಲ್ಕಕ್ಕೆ ವಿಚಾರಣೆ. ಕೇಳಿದ ಪ್ರಶ್ನೆಗೆಲ್ಲ ಬೋಜಮ್ಮ ಕೋವಿಯ ಗುಂಡಿನಂತೆ ಉತ್ತರ ಕೊಟ್ಟರು. 'ಇವರ ಬುದ್ಧಿ ಸ್ವಸ್ಥವಾಗಿದೆ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳಬಲ್ಲರು' ಎಂದು ಆದೇಶವಾಯಿತು. ನ್ಯಾಯಾಧೀಶರೂ ಡಾಕ್ಟರೂ ಸಹಿ ಹಾಕಿದರು.

ಅಷ್ಟರಲ್ಲಿ ಡಾಕ್ಟರ ಫೋನ್ 'ಟಿಣ್' ಎಂದಿತು. ಫೀಸು ಬಂದಿತ್ತು. ನ್ಯಾಯಾಧೀಶರ ಫೋನ್ ಮೌನ. 'ಟಿಣ್' ಎಂದಿದ್ದು ಬೋಜಮ್ಮನ ಫೋನ್.

"ಹದಿನಾರು ಸಾವಿರ!" ಬೋಜಮ್ಮ ಕಣ್ಣರಳಿಸಿದರು. "ಇದ್ಯಾವ ದುಡ್ಡು ಮಗಾ?"

ಶಶಿಧರ ಮೇಜಿನತ್ತ ಧಾವಿಸಿದ. ಫೈಲು ತೆರೆದ. ಚನ್ನಮಲ್ಲಪ್ಪನವರ ಪಾಸ್‌ಬುಕ್ ಜೆರಾಕ್ಸ್ ಅಲ್ಲೇ ತಣ್ಣಗೆ ಮಲಗಿತ್ತು. ಬಸ್ ಚಾರ್ಜು ಖಾತೆಗೆ ಹಾಕಲೆಂದು ಬೋಜಮ್ಮ ಕೊಟ್ಟಿದ್ದ ಪಾಸ್‌ಬುಕ್ ಜೆರಾಕ್ಸ್ ಅದರ ಬದಲು ಖಜಾನೆ ಸೇರಿತ್ತು.

"ಬೋಜಮ್ಮಾ, ಅದು ಸಾಹೇಬರ ಫೀಸು, ತಪ್ಪಾಗಿ ಬಂದಿದೆ. ದಯವಿಟ್ಟು ವಾಪಸ್ ಕೊಡಿ," ಶಶಿಧರ ಕೈಮುಗಿದ.

ಬೋಜಮ್ಮ ಆದೇಶದ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

"ಅಯ್ಯೋ, ಆಗಲ್ಲಪ್ಪ. ಬುದ್ಧಿ ಸರಿಯಿದೆ ಅಂತ ಈಗಷ್ಟೇ ಬರೆದುಕೊಟ್ಟಿದ್ದೀರಿ. ಕೈಗೆ ಬಂದ ದುಡ್ಡು ವಾಪಸ್ ಕೊಟ್ರೆ, ಹುಚ್ಚಿ ಅಂತ ನಾಳೇನೇ ಮತ್ತೆ ಒಳಗೆ ಹಾಕ್ತೀರಿ!"