ಭೂಚಕ್ರ, ಬೀಗರು, ನನ್ನ ಆಣಿ

ನಾ ಎಲ್ಲೆ ಹೋಗ್ತೇನಿ, ಅಲ್ಲೆ ಯಾರರ ಒಬ್ರು ಎದಿಮ್ಯಾಲೆ ಕೈ ಇಟ್ಕೊಂಡು "ಅಯ್ಯಯ್ಯಪ್ಪಾ!" ಅನ್ನೋದು ಖಾಯಂ. ನಾ ಏನೂ ಮಾಡಿರಂಗಿಲ್ರಿ. ನುಣ್ಣನ ನೆಲಾ ಕಂಡ್ರ ಕುಂದರ್ತೇನಿ, ಕಿಸೆದಾಗಿಂದ ಒಂದ ಭೂಚಕ್ರ ತಗೀತೇನಿ, ಊದಿನಕಡ್ಡಿ ತಾಗಸ್ತೇನಿ. ಉಳದದ್ದು ತಾನ ಆಗ್ತೈತಿ.

ಭೂಚಕ್ರ ಅಂದ್ರ ತಾಟಿನಷ್ಟ ದೊಡ್ಡವು ಅಲ್ಲ ಮತ್ತ. ನಂದು ಸಣ್ಣವು, ಅಂಗೈ ಮ್ಯಾಲೆ ಮೂರು ಕುಂದರ್ತಾವು. ಮೊದಲ ಕೆಂಪಗ, ಆಮ್ಯಾಲೆ ಹಸರಗ, ಕಡೀಕ ಬೆಳ್ಳಗ ಆಗಿ, ಮುಗೀತು ಅಂತ ನೀವು ಹತ್ರ ಹೋದ್ರ ಇನ್ನೊಮ್ಮೆ ಚಂಗನ ಜಿಗದು ತಣ್ಣಗಾಗ್ತಾವು. ಮಂದಿಗೆ ಇದು ಹಬ್ಬದಾಗ ಅರ್ಧಾ ತಾಸಿನ ಆಟ. ನನಗ ವರ್ಷಪೂರ್ತಿ ಕೆಲಸ. ಒಂದ ನೋಟಬುಕ್ ಇಟ್ಟೇನಿ. ಯಾವ ಊರ ಅಂಗಡೀದು, ಎಷ್ಟೊತ್ತು ತಿರಗ್ತು, ಹಸರ ಬಣ್ಣಕ್ಕ ಹತ್ತಕ್ಕ ಎಷ್ಟ ಮಾರ್ಕ್ಸು, ಎಲ್ಲಾ ಬರದೇನಿ. "ಕಾಲೇಜಿನ್ಯಾಗ ಇಷ್ಟ ಬರದಿದ್ರ ಇವತ್ತ ಮಾಸ್ತರ ಆಗಿರ್ತಿದ್ದಿ" ಅಂತಾಳ ಅವ್ವ.

ಇಷ್ಟ ದಿನಾ ನಡೀತು. ಆದ್ರ ಈ ವರ್ಷ ಈ ಹುಚ್ಚು ಸೀದಾ ಅಕ್ಕನ ಲಗ್ನದ ಬುಡಕ್ಕ ಬಂದು ಮುಟ್ಟಿತ್ತು. ಅಕ್ಕಗ ಹುಡುಗ ಪಸಂದ ಬಿದ್ದಿದ್ದ. ಇದೊಂದ ಲಗ್ನ ಮುರೀತಂದ್ರ ನನ್ನ ಚರ್ಮಾ ಸುಲಿತೇನಿ ಅಂತ ಆಕಿ ನಕ್ಕೋತನ ಹೇಳಿದ್ಲು. ಅಕ್ಕ ನಕ್ಕೋತ ಹೇಳಿದ್ದು ಯಾವತ್ತೂ ಸುಳ್ಳಾಗಿಲ್ಲ.

ಬುಡದಿಂದ ಹೇಳ್ತೇನಿ.

೧. ಗೊತ್ತಿದ್ದ ಒಂದ ಪ್ರಶ್ನಿ

ಕಾಲೇಜ ಯಾಕ ಬಿಟ್ಟಿ ಅಂತ ಎಲ್ಲಾರೂ ಕೇಳ್ತಾರ. ನಾ ಬಿಡಲಿಲ್ರಿ, ಅದ ನನ್ನ ಬಿಡ್ತು.

ಬಿ.ಎಸ್ಸಿ. ಎರಡನೇ ವರ್ಷ, ಕೆಮಿಸ್ಟ್ರಿ ವೈವಾ. ಹೊರಗಿಂದ ಒಬ್ರು ಪರೀಕ್ಷಾ ತಗೊಳ್ಳಾಕ ಬಂದಿದ್ರು. ಬಿಳೇ ಅಂಗಿ, ಕಿಸೆದಾಗ ಮೂರ ಪೆನ್ನು. ಅವರ ನಾಕ ಪ್ರಶ್ನಿಗೂ ನಾ "ಗೊತ್ತಿಲ್ರಿ ಸರ್" ಅಂದಿದ್ನಿ. ಅವರಿಗೂ ಬ್ಯಾಸರಾತು. "ಹೋಗ್ಲಿ, ಬೆಂಕ್ಯಾಗ ಹಸರ ಬಣ್ಣ ಕೊಡೋ ಲೋಹ ಯಾವ್ದು? ಅದನ್ನರ ಹೇಳು" ಅಂದ್ರು.

ಹುಟ್ಟಿದಮ್ಯಾಲೆ ಮೊದಲ ಸಲ ನನಗ ಉತ್ತರ ಗೊತ್ತಿದ್ದ ಪ್ರಶ್ನಿ ಬಂದಿತ್ತು! ಬೇರಿಯಂ ಅಂದ್ನಿ. ಅವ್ರು ಕೇಳದ ಇದ್ರೂ ಕೆಂಪಿಗೆ ಸ್ಟ್ರಾನ್ಷಿಯಂ ಅಂದ್ನಿ. ಅಲ್ಲಿಗೆ ನಿಂದರಲಿಲ್ಲ. ಸವಣೂರಾಗ ಸಿಗೋ ಚಕ್ರದ ಹಸರು ಎಳೇ ಎಲಿಬಳ್ಳಿ ಇದ್ದಂಗ, ಹಾನಗಲ್ಲದಾಗ ಸಿಗೋದು ಜರಾ ಹಳದಿಗೆ ಎಳೀತೈತಿ ಅಂತ ಹೇಳಕೋತ ಹೋದ್ನಿ.

ಸರ್ ಚಸ್ಮಾ ತಗದ್ರು. "ಇದನ್ನೆಲ್ಲಾ ಎಲ್ಲೆ ನೋಡಿದಿ?"

"ತೋರಸ್ಲೇನ್ರಿ ಸರ್?"

"ತೋರ್ಸು."

ಪಾಪ, ಪುಸ್ತಕ ತೋರಸ್ತಾನ ಅಂತ ಅವ್ರು ತಿಳ್ಕೊಂಡಿದ್ರು. ಲ್ಯಾಬಿನ ನೆಲಾ ಅವತ್ತ ಕನ್ನಡಿ ಹಂಗ ಒರಸಿದ್ರು. ಬರ್ನರು ಉರಿಯಾಕ ಹತ್ತಿತ್ತು. ಒಂದ ಊದಿನಕಡ್ಡಿ, ಒಂದ ಚಕ್ರ. ಮತ್ತೇನ ಬೇಕು? ಚಕ್ರ ಕೆಂಪಾತು, ಚಕ್ರ ಹಸರಾತು, ಸರ್ ಸ್ಟೂಲಿನ ಮ್ಯಾಲಾದ್ರು.

ಪ್ರಿನ್ಸಿಪಾಲರು ಓಡಿ ಬಂದು ಬಾಗಲದಾಗ ಬಾಯಿ ತಕ್ಕೊಂಡು ನಿಂತ್ರು. ಹೊಗಿಯೊಳಗ ಸ್ಟೂಲಿನ ಮ್ಯಾಲಿಂದ ಸರ್ ದನಿ ಬಂತು: "ಉತ್ತರ ಮಾತ್ರ ಬರೋಬರಿ ಐತ್ರಿ."

ವೈವಾದಾಗ ನನಗ ಪೂರ್ತಿ ಮಾರ್ಕ್ಸು. ರಿಸಲ್ಟ್ ಬಂದಾಗ ಕಾಲೇಜಿನ್ಯಾಗ ನಾ ಇರಲಿಲ್ಲ, ಅಷ್ಟ.

೨. ದುಂಡಸಿಯಾಗ ಹುಡುಗೀನ ತೋರಿಸಿದ್ದು

ಆಮ್ಯಾಲೆ ನಾ ಶಿಗ್ಗಾಂವಿ ಒಳಗ ಒಂದ ಪೆಂಡಾಲ ಅಂಗಡಿ ಸೇರಿದ್ನಿ. ಸುತ್ತ ನಾಕ ತಾಲೂಕಿನ ಲಗ್ನಕ್ಕ ಪೆಂಡಾಲ ಹೊಡಿಯೋದು, ಖುರ್ಚಿ ಹಾಕೋದು. ಯಾವ ಊರಾಗ ಯಾವ ನೆಲಾ ನುಣ್ಣಗೈತಿ ಅಂತ ತಿಳಕೊಳ್ಳಾಕ ಇದಕ್ಕಿಂತ ಚಲೋ ಕೆಲಸ ಇನ್ನೊಂದಿಲ್ಲ.

ಅಂಥಾದ್ರಾಗ ಅಕ್ಕನ್ನ ನೋಡಾಕ ಹಿರೇಕೆರೂರ ಕಡಿಂದ ಗಂಡಿನವ್ರು ನಮ್ಮ ದುಂಡಸಿಗೆ ಬಂದ್ರು. ಹುಡುಗ, ಅವನ ಅವ್ವ, ಅವನ ಅಪ್ಪ. ಈ ಅಪ್ಪಗ ನಾ ಈಗಿಂದನ ಬೀಗರು ಅಂತೇನಿ. ತಲಿಗೆ ದೊಡ್ಡ ಪಟಕಾ, ದೊಡ್ಡ ಮೀಸಿ. ಮಾತು ಕಮ್ಮಿ. ಆ ಮನುಷ್ಯಾ ಸುಮ್ನ ಕುಂತ್ರನ ಎದುರಿದ್ದವ್ರು ಬೆವರ್ತಾರ.

ಅವ್ವ ತಿನ್ನಾಕ ಸವಣೂರ ಖಾರಾ ತರಿಸಿದ್ಲು. ಮನಿಯಾಗ ಚಕ್ಕಲಿ ಮಾಡಿ ಒಂದ ತಾಟಿನ್ಯಾಗ ಅಂಗಳದಾಗ ಆರಾಕ ಇಟ್ಟಿದ್ಲು. ನಾ ಅವತ್ತ ಮುಂಜಾನೆ ಹಸಿ ಹಿಡದಿದ್ದ ನನ್ನ ಚಕ್ರಾನೆಲ್ಲಾ ಇನ್ನೊಂದ ಸ್ಟೀಲ್ ತಾಟಿನ್ಯಾಗ ಅದರ ಬಾಜೂಕ ಬಿಸಲಿಗೆ ಇಟ್ಟಿದ್ನಿ. ಹಸಿ ಚಕ್ರ ತಿರಗಂಗಿಲ್ಲ, ಬರೇ ಸುಂಯ್ ಅಂತೈತಿ. ಈ ಸಣ್ಣ ಚಕ್ರ ಕಂದ ಕಾಗದದಾಗ ಸುತ್ತಿರ್ತಾವು. ಈಗ ನೀವ ಹೇಳ್ರಿ, ಹೊತ್ತು ಗೊತ್ತು ಇಲ್ಲದ ಅವಸರದಾಗ ಅವು ಯಾವದ್ರ ಹಂಗ ಕಾಣ್ತಾವು?

ಅವ್ವ ಎರಡೂ ತಾಟು ಒಳಗ ತಂದು ಇಟ್ಲು.

ಅಕ್ಕ ಸೆರಗ ಹೊದ್ಕೊಂಡು, ತಲಿ ಬಗ್ಗಿಸಿ, ಚಾಪಿ ಮ್ಯಾಲೆ ಕುಂತಿದ್ಲು. ಆಕಿ ಹಂಗ ಕುಂತಿದ್ದು ನೋಡಿನ ನನಗ ಅರ್ಧಾ ಗಾಬರಿ. ಬೀಗರು ತಾಟಿಗೆ ಕೈ ಹಾಕಿದ್ರು, ಒಂದ ಎತ್ತಿದ್ರು, ಬಾಯಾಗ ಇಟ್ರು, ಕಟಂ ಅಂತ ಕಚ್ಚಿದ್ರು. ಅಕ್ಕ ತಲಿ ಎತ್ತಿ ಒಮ್ಮೆ ನೋಡಿದ್ಲು. ಚಾಪಿ ಬಿಟ್ಟು ಜಿಗದು ಬೀಗರ ಗದ್ದಾ ಹಿಡದ ಬಿಟ್ಲು!

"ಉಗಳ್ರಿ! ಮೊದಲ ಉಗಳ್ರಿ ಅದನ್ನ! ಅದು ಪಟಾಕಿ!"

ಬೀಗರು ಉಗಳಿದ್ರು. ಅಕ್ಕ ಚರಗಿ ಕೊಟ್ಟು, "ಬಾಯಿ ಮುಕ್ಕಳಸ್ರಿ. ಇನ್ನೊಮ್ಮೆ. ಇನ್ನೊಮ್ಮೆ ಅಂದ್ನೆಲ್ರಿ!" ಅಂತ ಮೂರ ಸಲ ಅಂಗಳಕ್ಕ ಕಳಸಿದ್ಲು.

ಅವ್ವ ಗ್ವಾಡಿಗೆ ಒರಗಿದ್ಲು. ಬೀಗರು ಮೀಸಿ ಒರಸ್ಕೊಂಡು ಬಂದು ಕುಂತ್ರು. ಅಕ್ಕನ್ನ ನೋಡಿದ್ರು. ಆಮ್ಯಾಲೆ ತಮ್ಮ ಹೆಂಡ್ತಿ ಕಡೆ ತಿರಗಿ, "ನಮ್ಮವ್ವ ಸತ್ತಮ್ಯಾಲೆ ನನಗ ಹಿಂಗ ಯಾರೂ ಬೈದಿರಲಿಲ್ಲ. ಹುಡುಗಿ ಪಸಂದ" ಅಂದ್ರು.

ಎಲ್ಲಾರೂ ನಗಾಕ ಬಾಯಿ ತಗಿಯೋದ್ರಾಗ ಅವರ ಬೆರಳು ನನ್ನ ಕಡೆ ತಿರಗ್ತು. "ಒಂದ ಮಾತು. ಲಗ್ನ ಆಗೋತನಕ ಈ ಮನುಷ್ಯಾ ಬೆಂಕಿ ಮುಟ್ಟಬಾರದು. ಮುಟ್ಟಿದ್ರ ಲಗ್ನ ಇಲ್ಲ."

ಅವ್ವ ಅಲ್ಲೇ ನನ್ನ ಕೈ ಹಿಡದು ಅಕ್ಕನ ತಲಿಮ್ಯಾಲೆ ಇಟ್ಟು ಆಣಿ ಮಾಡಿಸಿದ್ಲು. ತಲಿ ಅಕ್ಕಂದು, ಆಣಿ ನಂದು. ಎದ್ದು ಹೋಗುವಾಗ ಬೀಗರು ಕಚ್ಚಿದ ಚಕ್ರಾನ ಸುಮ್ನ ಕಿಸೆದಾಗ ಹಾಕ್ಕೊಂಡಿದ್ದು ನಾ ನೋಡಿದ್ನಿ. ಸಾಕ್ಷಿಗೆ ಇಟ್ಕೊಂಡ್ರು ಅಂತ ತಿಳಕೊಂಡ್ನಿ.

೩. ಹಾನಗಲ್ಲದಾಗ ಕಾಲೆತ್ತಿದ್ದು

ಆಣಿ ಆಣೀನ. ನಾ ಬೀಡಿಗೆ ಬೆಂಕಿ ಕೇಳಿದವ್ರಿಗೂ ದೂರಿಂದ ಕೈ ಮುಗೀತಿದ್ನಿ. ಆದ್ರ ಕಿಸೆದಾಗ ಚಕ್ರ ಇಟ್ಕೋಬಾರದು ಅಂತ ಯಾರೂ ಆಣಿ ಮಾಡಿಸಿರಲಿಲ್ಲ.

ಹಾನಗಲ್ಲದಾಗ ಒಂದ ಲಗ್ನ. ಕಲ್ಯಾಣ ಮಂಟಪದ ನೆಲಾ ಹೊಸಾ ಗ್ರಾನೈಟು. ಅಲ್ಲೆ ನನಗ ಕನ್ನಡ ಸಾಲಿಯೊಳಗ ಕಲಿಸಿದ್ದ ಹೆಡ್ ಮಾಸ್ತರು ಸಿಕ್ರು, ಈಗ ರಿಟೈರ್ಡು. ಆರನೇ ಕ್ಲಾಸಿನ್ಯಾಗ ನನ್ನ ಪಾಟಿಚೀಲದಾಗ ಚಕ್ರ ಸಿಕ್ಕಾಗ ಬೆತ್ತಾ ಮುರಿಯೋಹಂಗ ಹೊಡದವ್ರು.

"ಇನ್ನೂ ಐತೇನೋ ನಿನ್ನ ಆ ಹುಚ್ಚು?"

"ಐತ್ರಿ ಸರ್. ಆದ್ರ ಆಣಿ ಆಗೇತಿ. ಹಚ್ಚಂಗಿಲ್ಲ."

ಮಾಸ್ತರು ಆ ಕಡೆ ಈ ಕಡೆ ನೋಡಿದ್ರು. "ಅವತ್ತ ನಿನ್ನ ಕಡಿಂದ ಚಕ್ರ ಕಸಗೊಂಡಿದ್ನೆಲ್ಲ, ಮನಿಗೆ ಒಯ್ದು ಒಂದ ಹಚ್ಚಿ ನೋಡಿದ್ನಿ. ಅವತ್ತಿಂದ ಇನ್ನೊಂದ ಹಚ್ಚಬೇಕನಸ್ತೈತಿ. ಈ ವಯಸ್ಸಿನ್ಯಾಗ ಅಂಗಡಿಗೆ ಹೋಗಿ ಕೇಳಾಕ ನಾಚಿಕಿ. ಕೊಡಿಲ್ಲೆ."

ನನಗ ಕಣ್ಣಾಗ ನೀರ ಬರೋದೊಂದ ಬಾಕಿ. ಹೊಡದದ್ದಕ್ಕಿಂತ ಇದು ಜೋರ ಬಿತ್ತು!

ಮಂಟಪದ ಹಿಂದ, ಅದ ಗ್ರಾನೈಟು ಹಾಸಿದ್ದ ಖಾಲಿ ಜಾಗಾದಾಗ ಮಾಸ್ತರ ತಾವ ಹಚ್ಚಿದ್ರು. ಗ್ರಾನೈಟಿನ ಗುಣಾ ನನಗ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಚಕ್ರ ನಿಂತಲ್ಲೆ ತಿರಗಲಿಲ್ಲ, ಜಾರ್ತು. ಹಿಂದಿನ ಬಾಗಲಾ ದಾಟಿ ಸೀದಾ ಒಳಗ ಹೋಗಿ, ಆ ಲಗ್ನದ ಎರಡೂ ಕಡೆ ಹಿರೇರು ಕುಂತಿದ್ದ ಮುಂದಿನ ಸಾಲಿನ ಖುರ್ಚಿ ಬುಡಕ ಹೊಕ್ತು. ಬೆಳಗ್ಗಿಂದ ಗಂಡಿನ ಕಡ್ಯಾವ್ರು, ಹೆಣ್ಣಿನ ಕಡ್ಯಾವ್ರು ಮೊದಲ ಊಟಕ್ಕ ಯಾರು ಕುಂದರಬೇಕು ಅಂತ ಜಗಳಾ ಮಾಡಿ, ಮಾರಿ ಆ ಕಡೆ ಈ ಕಡೆ ಮಾಡಿ ಕುಂತಿದ್ರು. ಚಕ್ರ ಈ ತುದಿಯಿಂದ ಆ ತುದಿತನಕ ಹೋತು. ಅದು ಹೋದಂಗ ಹೋದಂಗ ಒಬ್ರಾದ ಮ್ಯಾಲೆ ಒಬ್ರು ಕಾಲು ಮ್ಯಾಲೆತ್ತಿ ಖುರ್ಚಿ ಮ್ಯಾಲೆ ಮುದುಡಿದ್ರು.

ಯಾರಿಗೂ ಏನೂ ಆಗಲಿಲ್ಲ. ಮಾಸ್ತರು ಕಂಬದ ಹಿಂದ ಉಸರ ಬಿಗಿಹಿಡದು ನಿಂತಿದ್ರು, ಕೈ ಮುಂದ ಮಾಡಿಸ್ಕೊಳ್ಳಾಕ ನಿಂತ ಸಾಲಿ ಹುಡುಗನಂಗ. ವಿಡಿಯೋ ತಗಿಯಾವ ನನ್ನ ಕಿವ್ಯಾಗ ಅಂದ: "ಎರಡೂ ಕಡ್ಯಾವ್ರು ಕೂಡಿ ಮಾಡಿದ್ದು ಇದೊಂದ ಐತಿ. ಕ್ಯಾಸೆಟ್ಟಿನ್ಯಾಗ ಮೊದಲ ಇದನ್ನ ಹಾಕ್ತೇನಿ."

೪. ಹೋರಿ ನಿಂತಿದ್ದು

ನಮ್ಮ ಕಡೆ ದೀಪಾವಳಿಗೆ ಹೋರಿ ಬಿಡ್ತಾರ. ಕೊರಳಿಗೆ ಕೊಬ್ಬರಿ ಸರಾ, ಕೋಡಿಗೆ ಬಲೂನು. ಎರಡೂ ಬಾಜೂ ನಿಂತ ಮಂದಿ ನಡುವ ಓಡಸೋದು. ಕೊಬ್ಬರಿ ಹರಕೊಂಡ್ರ ಮಂದಿ ಗೆದ್ರು, ಹರಕೊಳ್ಳಾಕ ಕೊಡದಿದ್ರ ಹೋರಿ ಗೆದ್ತು. ಬೀಗರ ಮನ್ಯಾಗ ಅಂಥಾದೊಂದು ಹೋರಿ ಇತ್ತು. ಅದರ ಕೊಬ್ಬರಿಗೆ ಇಲ್ಲಿತನಕ ಯಾರ ಬೆರಳೂ ತಾಗಿರಲಿಲ್ಲ. ಮಗನ ಫೋಟೋಕ್ಕಿಂತ ಅದರ ಫೋಟೋನ ಮನ್ಯಾಗ ದೊಡ್ಡದಿತ್ತು.

ನಮ್ಮನ್ನೆಲ್ಲಾ ಹಬ್ಬಕ್ಕ ಕರದ್ರು. ಬಸ್ಸಿನ್ಯಾಗ ಅವ್ವ ನನ್ನ ಕಿಸೆ ಮೂರ ಸಲ ತಪಾಸ ಮಾಡಿದ್ಲು. ಹೋದ ದಿನಾ ಸಂಜಿಮುಂದ ಬೀಗರು ನನ್ನ ಹಿತ್ತಲಕ್ಕ ಕರದ್ರು. ಸತ್ನಿ ಅಂದ್ಕೊಂಡ್ನಿ. ಅವ್ರು ಕಿಸೆದಾಗಿಂದ ಆ ಚಕ್ರ ತಗದ್ರು. ಹಲ್ಲಿನ ಗುರುತು ಹಂಗ ಇತ್ತು.

"ಇದು ಹತ್ತತೈತೇನೋ?"

"ಕಾಕಾರ, ನನಗ ಆಣಿ ಐತ್ರಿ."

"ಆಣಿ ನಿನಗಲೇ. ನನಗೇನ?" ಅಂದು ತಾವ ಹಚ್ಚಿದ್ರು.

ಕಚ್ಚಿದ ಕಡೆ ಕುಂಟಕೋತ ತಿರಗ್ತು ಬಿಡ್ರಿ, ಆದ್ರ ಬಣ್ಣ ಮೂರೂ ಬಂದ್ವು. ಬೀಗರು ನೆಲಕ್ಕ ಕುಂತು ಬಿಟ್ರು. ಮೀಸಿ ಮ್ಯಾಲೆ ಕೆಂಪು, ಹಸರು, ಬಿಳಿ. ಬಾಜೂಕ ಗ್ವಾದಲಿಯಾಗ ಹೋರಿ ಮೇಯೋದು ಬಿಟ್ಟು, ಕತ್ತು ಬಗ್ಗಿಸಿ, ಕಣ್ಣ ಪಿಳಕಿಸದ ನೋಡಾಕತ್ತಿತ್ತು. ಚಕ್ರ ತಣ್ಣಗಾದಕೂಡ್ಲೆ ಇನ್ನೊಂದ ಬೇಕು ಅನ್ನೋಹಂಗ "ಹೂಂ" ಅಂತು.

"ಇದಕ್ಕೂ ಸೇರ್ತಲೋ!" ಅಂದ್ರು ಬೀಗರು. ಮರುದಿನಾ ತಾವ ಹೋಗಿ ಒಂದ ಡಬ್ಬಿ ತಂದ್ರು. ಅವತ್ತೂ ಹಚ್ಚಿದ್ರು, ಹೋರಿನೂ ನೋಡ್ತು.

ಮೂರನೇ ದಿನಾ ಹೋರಿ ಬಿಡೋದು. ಹೊತ್ತು ಮುಣಗೂ ವ್ಯಾಳ್ಯಾಕ್ಕ ಕಡೀಕ ನಮ್ಮ ಹೋರಿ ಬಂತು. ಬಂತಂದ್ರ ಬಂತ್ರಿ ಅದು, ನೆಲಾ ನಡಗಿಸ್ಕೋತ! ಹಿಡಿಯಾಕ ಬಂದವ್ರೆಲ್ಲಾ ಬಾಜೂಕ ಹಾರಿದ್ರು. ಇನ್ನ ಇಪ್ಪತ್ತ ಮಾರು ದಾಟಿದ್ರ ಗೆದ್ದಂಗ.

ಅಷ್ಟರಾಗ ಮುಂದ, ಹಾದಿ ಕಡೀಕ, ನೆಲದ ಮ್ಯಾಲೆ ಒಂದ ಕೆಂಪು ತಿರಗ್ತು.

ಹೋರಿ ಗಪ್ಪನ ನಿಂತ್ತು. ಕತ್ತು ಬಗ್ಗಿಸ್ತು. ಕೆಂಪು ನೋಡ್ತು. ಹಸರು ನೋಡ್ತು. ಮಂದಿ ಮೊದಲ ನಂಬಲಿಲ್ಲ. ಆಮ್ಯಾಲೆ ಸಾವಕಾಶ ಬಂದು, ಮನಿಯಾಗ ಗೂಟಕ್ಕ ಹಾಕಿದ್ದ ಅಂಗಿ ತಕ್ಕೊಂಡಂಗ, ಕೊಬ್ಬರಿ ಸರಾ ಒಂದೊಂದ ಬಿಚ್ಚಕೊಂಡು ಹೋದ್ರು. ಒಬ್ಬ ಮುದುಕ ಚಸ್ಮಾ ಹಾಕ್ಕೊಂಡು ಬಂದು ಗಂಟ ಬಿಚ್ಚಿದ. ಹೋರಿ ಬಿಳಿ ಬಣ್ಣಕ್ಕ ಕಾಯಾಕತ್ತಿತ್ತು.

ಆಮ್ಯಾಲೆ ಊರಿಗೆ ಊರ ನನ್ನ ಕಡೆ ತಿರಗ್ತು. ಅವ್ವ ಕಟ್ಟಿಮ್ಯಾಲೆ ಕುಸದ್ಲು. ಮದಿಮಗ ಮಾರಿ ಬಿಳಚ ಮಾಡ್ಕೊಂಡು ಬಂದು, "ಲಗ್ನ ಆಗೋತನಕ ತಡೀಲಿಲ್ಲೇನೋ?" ಅಂದ.

ನಾ ಎಲ್ಲಾ ಕಿಸೆ ಹೊರಗ ತಗದು ತೋರಿಸಿದ್ನಿ. ಒಂದ ಕರ್ಚೀಪು, ಒಂದ ಬಸ್ ಟಿಕೇಟು. ಯಾರೂ ನಂಬಲಿಲ್ಲ. ನನಗ ನನ್ನಮ್ಯಾಲೆನ ನಂಬಿಕಿ ಹೋಗಿತ್ತು.

ಅಕ್ಕ ಒಬ್ಬಾಕಿ ನನ್ನ ನೋಡಲಿಲ್ಲ. ಆಕಿ ಹಾದಿ ಕಡೀಕ ನಿಂತಿದ್ದ ಬೀಗರನ್ನ ನೋಡಾಕತ್ತಿದ್ಲು. ಬೀಗರು ಎರಡೂ ಕೈ ಬೆನ್ನ ಹಿಂದ ಕಟ್ಕೊಂಡು ಮ್ಯಾಲ ಮುಗಲು ನೋಡಾಕತ್ತಿದ್ರು. ಅವರ ಪಟಕಾದ ಹಿಂದಿಂದ ಸಣ್ಣಗ ಹೊಗಿ ಏಳಾಕತ್ತಿತ್ತು.

ಅಕ್ಕ ಮಂದಿ ಸರಿಸ್ಕೊಂಡು ಹೋದ್ಲು. "ಮಾವಾರ, ಬೆನ್ನ ಹಿಂದ ಏನೈತ್ರಿ?"

"ಏನಿಲ್ಲವ್ವ. ದೇವರಿಗೆ ಊದಿನಕಡ್ಡಿ."

"ಯಾವ ದೇವರ್ರಿ? ನೆಲದ ಮ್ಯಾಲೆ ತಿರಗತಿದ್ದ ದೇವರ?"

ಬೀಗರ ಮೀಸಿ ಇಳೀತು. "ಗೆದ್ದ ಬರ್ತೈತಿ, ಬಂದಕೂಡ್ಲೆ ಅದಕ್ಕ ಸೇರೋದೊಂದು ತೋರಸೋಣು ಅಂತ... ಖುಷಿಯಾಗ ಜರಾ ಮುಂಚೆ ಹಚ್ಚಿಬಿಟ್ನಿ."

ಅಕ್ಕ ಊದಿನಕಡ್ಡಿ ಕಸಗೊಂಡು ಮಣ್ಣಾಗ ಚುಚ್ಚಿದ್ಲು. ಇಡೀ ಊರಿಗೆ ಕೇಳೋಹಂಗ ಅಂದ್ಲು: "ಒಂದ ಮಾತು. ಲಗ್ನ ಆಗೋತನಕ ಈ ಮನುಷ್ಯಾ ಬೆಂಕಿ ಮುಟ್ಟಬಾರದು. ಮುಟ್ಟಿದ್ರ ಲಗ್ನ ಇಲ್ಲ."

ಅಷ್ಟ ದೊಡ್ಡ ಪಟಕಾದ ಮನುಷ್ಯಾ ತಲಿ ಬಗ್ಗಿಸಿ, ಹೋರಿ ಹಣಿಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ರು. ಹೋರಿ ಅವರನ್ನ ನೋಡಲಿಲ್ಲ. ಆರಿದ ಚಕ್ರಾನ ಮೂಗಿಲೆ ನೂಕಾಕತ್ತಿತ್ತು.

ಮರುದಿನಾ ಬೆಳಕ ಹರಿಯೋದ್ರಾಗ ಬೀಗರು ನನ್ನ ಎಬ್ಬಿಸಿ ಬೈಕಿನ ಹಿಂದ ಕುಂದರಿಸ್ಕೊಂಡು ಐನಾರ ಮನಿಗೆ ಹೋದ್ರು. ಐನಾರು ಪಂಚಾಂಗ ತಗದು, "ಮುಂದಿನ ತಿಂಗಳ ಕಡೀಕ ಚಲೋ ಮುಹೂರ್ತ ಐತ್ರಿ" ಅಂದ್ರು.

"ಅಲ್ಲಿತನಕ ಯಾರ ತಡೀಬೇಕ್ರಿ? ಇನ್ನೂ ಲಗೂನ ನೋಡ್ರಿ" ಅಂದ್ರು ಬೀಗರು.

"ಈ ವಾರದಾಗ ಬೇಕಾದ್ರ ಒಂದೈತಿ. ಆದ್ರ ಹೊತ್ತು ಮುಣಗಿದಮ್ಯಾಲೆ."

ಕತ್ತಲಾಗ ಅಂದ್ರ ಚಕ್ರದ ಮೂರೂ ಬಣ್ಣ ಎದ್ದು ಕಾಣ್ತಾವು. ನಾನೂ ಬೀಗರೂ ಒಮ್ಮಿಗೆ ಎದ್ದು ನಿಂತ್ವಿ. "ಅದ ಇರ್ಲಿ ಬಿಡ್ರಿ!"

ಐನಾರು ಪಂಚಾಂಗ ಮುಚ್ಚಿ ನಮ್ಮಿಬ್ರ ಮಾರಿ ನೋಡಿದ್ರು. "ಲಗ್ನ ಹುಡುಗಂದೋ, ನಿಮ್ಮಿಬ್ರುದೋ?"