ಕೊನೆಯ ರೀಲಿನಲ್ಲಿ ತಪ್ಪದೆ ಗಂಡನ ಮನೆಗೆ ಮರಳುವ ಮಹಾನಟಿಯವರಿಗೆ

ಮಾನ್ಯರೇ,

ಥಿಯೇಟರಿನ ಬಾಗಿಲು ಕಾಯ್ದು ಮುದುಕನಾದ ಒಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ಮುಖಕ್ಕೆ ಬಣ್ಣ ಹಚ್ಚಿ ಐವತ್ತು ವರ್ಷವಾಯಿತೆಂದು, ತಮ್ಮ ಮರೆಯಲಾಗದ ಪಾತ್ರದ ಬಗ್ಗೆ ಬರೆಯಿರೆಂದು ಪತ್ರಿಕೆಯವರು ಓದುಗರನ್ನು ಕೇಳಿದ್ದಾರೆ. ಕೇಳುವವರಿಗೇನು, ಬಾಯಿ ಇದೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರಿಗೂ ನನಗೂ ಹೊಂದಲಿಲ್ಲ, ಅವರು ಒಳಗುಳಿದರು, ನಾನು ಹೊರಬಂದೆ. ಅಂದಿನಿಂದ ಪೆನ್ನಿನ ಗೊಡವೆಗೆ ಹೋಗದವನನ್ನು ಈ ವಯಸ್ಸಿನಲ್ಲಿ ಬರೆಯಲು ಕೂರಿಸಿದ ಕೀರ್ತಿ ತಮ್ಮದೇ. ಎದುರಿಗೆ ಸಿಕ್ಕಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ.

ತಮ್ಮ ಅಭಿನಯವನ್ನು ಹೊಗಳುವ ಯೋಗ್ಯತೆ ನನಗಿಲ್ಲವೆಂದು ತಾವು ತಿಳಿಯಬಾರದು. ಆಟ ಶುರುವಾದರೆ ನಾನು ಹೊರಗೆ, ಸೈಕಲ್ ಸ್ಟ್ಯಾಂಡಿನ ಜಗಳ ಬಿಡಿಸುತ್ತಾ ಇರುತ್ತಿದ್ದೆ. ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಳಗೆ ಬಂದು, ಜನ ಹೊರಡುವ ಬಾಗಿಲ ಚಿಲಕ ಹಿಡಿದು ನಿಲ್ಲಬೇಕಿತ್ತು. ಹಾಗಾಗಿ ತಮ್ಮ ಸಿನಿಮಾಗಳ ಕೊನೆಯನ್ನು ನನ್ನಷ್ಟು ನೋಡಿದವರು ಇನ್ನೊಬ್ಬರಿಲ್ಲ. ಮೊದಲನ್ನು ಮಾತ್ರ ಒಂದರದ್ದೂ ನೋಡಿರಲಿಲ್ಲ.

ಆಹಾ, ಏನು ಕೊನೆಗಳು. ವಕೀಲೆಯಾಗಿ ಊರವರ ಕೇಸನ್ನೆಲ್ಲ ಗೆದ್ದವರು ಕೊನೆಗೆ ಕರಿಕೋಟು ಕಳಚಿಟ್ಟು ಗಂಡನ ಬೂಟಿನ ಲೇಸು ಕಟ್ಟಿದಿರಿ. ಡಾಕ್ಟರಾಗಿ ಅವನಿಗೆ ಸ್ವಂತ ಕಿಡ್ನಿಯನ್ನೇ ಕೊಟ್ಟು, ಅವನು ಕಣ್ಣು ಬಿಡುವ ಹೊತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದಿರಿ. ರಾಣಿಯಾಗಿ ಕುದುರೆ ಏರಿ ಹೊರಟವರು ಅದೇ ಕುದುರೆಯ ಮೇಲೆ ವಾಪಸು ಬಂದಿರಿ. ತಮಗೆ ಬೇಡ, ಕುದುರೆಗಾದರೂ ಬುದ್ಧಿ ಬೇಡವೇ. ವೇಷ ಯಾವುದಾದರೇನು, ಕೊನೆಗೆ ಕೈಯಲ್ಲಿ ಸೂಟ್‌ಕೇಸು, ಹೊಸಿಲ ಮೇಲೆ ಬಲಗಾಲು, ಹಿಂದೆ ಪಿಟೀಲು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುತ್ತಾ ನನ್ನ ಮುಂದೆಯೇ ಹಾದುಹೋಗುತ್ತಿದ್ದರು. ಏನೋ ಸಣ್ಣ ಮುನಿಸು, ಸರಿಹೋಯಿತು ಎಂದುಕೊಂಡು ನಾನೂ ಬಾಗಿಲು ಹಾಕುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಬಂದಾಗ ಬಲಗೈಯ ಎರಡು ಬೆರಳಿಗೆ ಪಟ್ಟಿ ಇತ್ತು. ಬೀರುವಿನ ಬಾಗಿಲು ಹಾಕುವಾಗ ತಿಳಿಯದೆ ಸಿಕ್ಕಿಕೊಂಡಿತು ಎನ್ನುತ್ತಾನೆ ಅಳಿಯ. ಬಾಗಿಲಿನ ವಿಷಯವನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ತಿಳಿಯದೆ ಹಾಕಿದವನು ಕೂಗು ಕೇಳಿದ ಕೂಡಲೇ ಬಿಡುತ್ತಾನೆ. ಇವನು ಒತ್ತಿ ಹಿಡಿದಿದ್ದ.

ನನ್ನ ಹೆಂಡತಿ ಮಾತ್ರ ತಮ್ಮ ಪರಮಭಕ್ತೆ. ದಿನಾ ಮಧ್ಯಾಹ್ನ ಟೀವಿಯಲ್ಲಿ ತಮ್ಮ ಹಳೆಯ ಸಿನಿಮಾ ಹಾಕಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡೇ, ಅಷ್ಟು ಅನುಭವಿಸಿದೋಳು ಕೊನೆಗೆ ವಾಪಸ್ ಹೋಗ್ಲಿಲ್ವಾ? ಅವಳಿಗಿಂತ ನೀನೇನು ದೊಡ್ಡೋಳಾ?" ಎಂದು ಪಾಠ ಮಾಡುತ್ತಾಳೆ. ಮಗಳು, "ಅಮ್ಮ, ಅವರಿಗೆ ಅದಕ್ಕೆ ಸಂಬಳ ಕೊಟ್ಟಿದ್ರು" ಎಂದಳು. ಆ ಮಾತಿಗೆ ಅಂದು ಮನೆಯಲ್ಲಿ ಒಲೆ ಹತ್ತಲಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ನಾನೂ ಕುಳಿತು ತಮ್ಮ ವಕೀಲೆ ಸಿನಿಮಾವನ್ನು ಮೊದಲಿನಿಂದ ನೋಡಿದೆ. ಆ ಗಂಡ ತಮ್ಮನ್ನು ಮೆಟ್ಟಿಲ ಮೇಲಿಂದ ನೂಕುತ್ತಾನೆ. ತಮ್ಮ ಓದಿನ ಪುಸ್ತಕಗಳನ್ನು ನೀರಿನ ತೊಟ್ಟಿಗೆ ಎಸೆಯುತ್ತಾನೆ. ಇದು ನನಗೆ ಗೊತ್ತೇ ಇರಲಿಲ್ಲ, ತಾಯಿ. ಇಂಥವನ ಬೂಟಿಗೆ ಲೇಸು ಕಟ್ಟಲು, ಅಷ್ಟು ಚೆಂದದ ಮುಖ ಮಾಡಿಕೊಂಡು, ಯಾವ ಧೈರ್ಯದಲ್ಲಿ ಬಗ್ಗಿದಿರಿ?

ಆದ್ದರಿಂದ ತಮ್ಮಲ್ಲಿ ವಿನಯಪೂರ್ವಕ ಬೇಡಿಕೆ ಏನೆಂದರೆ, ತಮ್ಮ ಅಷ್ಟೂ ಸಿನಿಮಾಗಳ ಕೊನೆಯನ್ನು ದಯವಿಟ್ಟು ಮತ್ತೆ ತೆಗೆಸಿಕೊಡಬೇಕು. ಸೂಟ್‌ಕೇಸು ಅದೇ ಇರಲಿ, ಬಸ್ ನಿಲ್ದಾಣದ ಕಡೆ ನಡೆದರೆ ಸಾಕು. ಅದು ಕಷ್ಟವಾದರೆ ನನ್ನ ಮಗಳ ಬದಲು ತಾವೇ ಅಳಿಯನ ಮನೆಗೆ ಹೋಗಿ ಸಂಸಾರ ಮಾಡಿಕೊಡಬೇಕು. ತಮಗೆ ಅಭ್ಯಾಸವಿದೆ. ಪಿಟೀಲಿನವರನ್ನು ಕರೆದೊಯ್ಯಿರಿ, ಆ ಮನೆಯಲ್ಲಿ ಇಲ್ಲ.

ಅದೂ ಆಗದಿದ್ದರೆ ಒಂದೇ ಒಂದು ಸಾಲು ಬರೆದು ಕಳಿಸಿ: "ನನ್ನ ಸ್ವಂತ ಮಗಳಾಗಿದ್ದರೆ ನಾನು ವಾಪಸು ಕಳಿಸುತ್ತಿರಲಿಲ್ಲ." ಕೆಳಗೆ ಸಹಿ ಇರಲಿ. ಇಪ್ಪತ್ತನೇ ತಾರೀಖು ಬೀಗರು ಹಿರಿಯರನ್ನು ಕರೆದುಕೊಂಡು ಮಾತಿಗೆ ಬರುತ್ತಾರೆ. ಮನೆಯಲ್ಲಿ ನನ್ನ ಮಾತು ಎಷ್ಟು ನಡೆಯುತ್ತದೆಂದು ಮದುವೆಯಾದ ಗಂಡಸರಿಗೆಲ್ಲ ಗೊತ್ತು. ತಮ್ಮ ಮಾತಾದರೆ ನನ್ನ ಹೆಂಡತಿಗೆ ವೇದ.

ತಮ್ಮ ಕೊನೆಗಳನ್ನು ಮಾತ್ರ ಕಂಡು ಇಷ್ಟು ದಿನ ಮೆಚ್ಚಿಕೊಂಡಿದ್ದ,
ತಮ್ಮ ವಿಶ್ವಾಸಿ,
ಬಾಗಿಲಿನವನು

ವಿ.ಸೂ.: ಕಾಗುಣಿತ ತಿದ್ದಲು ಈ ಪತ್ರವನ್ನು ಮಗಳಿಗೆ ಕೊಟ್ಟಿದ್ದೆ. ತಮ್ಮ ಉತ್ತರ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ, ತಾನಂತೂ ಹೋಗುವುದಿಲ್ಲ ಎಂದಳು. ಆದರೆ ಬೀಗರ ಮುಂದೆ ತಾಯಿಯೇ ಅವರ ಪಕ್ಷ ಹಿಡಿದು ತನ್ನ ಎದುರು ಕೂರುವುದನ್ನು ಅವಳು ನೋಡಬೇಕಾಗುತ್ತದಲ್ಲ, ಅದು ನನಗೆ ಬೇಡ. ಹತ್ತೊಂಬತ್ತರ ಸಂಜೆಯೊಳಗೆ ಉತ್ತರ ಬರಬೇಕು.