ಕನ್ಯೆ ನೋಡಲು ಬಂದ ಕಾಕಾ

ನಮ್ಮ ಕಾಕಾ ಬಹಳ ಸಭ್ಯ ಮನುಷ್ಯ ಎಂದರೆ ದಿಗ್ಗೇವಾಡಿಯಲ್ಲಿ ಎಮ್ಮೆಗಳೂ ನಗುತ್ತವೆ. ಆದರೆ ಆ ಸಭ್ಯತೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏನು ಮಾಡುವುದು, ಆಗ ಅವರ ತಲೆ ನೆಟ್ಟಗಿರಲಿಲ್ಲ!

ನೆಟ್ಟಗಿದ್ದಾಗ ಅವರು ಯಾರನ್ನು ಬಯ್ದಿಲ್ಲ ಹೇಳಿ? ಆಳುಗಳನ್ನು, ಅಳಿಯಂದಿರನ್ನು, ಕರೆಂಟನ್ನು, ರೇಡಿಯೊದಲ್ಲಿ ಹವಾಮಾನ ಹೇಳುವವನನ್ನು! ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನಂತೂ ಮೂವತ್ತು ವರ್ಷ ‘ಏ ಮಬ್ಬ’ ಎಂದೇ ಕರೆದವರು. ಆಕೆಗೂ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಆಸ್ಪತ್ರೆಯ ಕಾಗದಕ್ಕೆ ಆಕೆ ಸಹಿ ಹಾಕಿದಾಗ.

ಎಂಬತ್ತರ ದಶಕದ ಕೊನೆಯ ಮಾತು. ಕಬ್ಬಿನ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಕಾಗೆ ಉಸಿರು ಸಿಗುತ್ತಿರಲಿಲ್ಲ. ಹೃದಯದ ಒಂದು ವಾಲ್ವ್ ಹಾಳಾಗಿದೆ, ಎದೆ ತೆರೆದು ಹೊಸದು ಕೂಡಿಸಬೇಕು, ಐದು ತಾಸು ಹಿಡಿಯುತ್ತದೆ ಎಂದರು ಗಡಿಯಾಚೆಯ ದೊಡ್ಡ ಆಸ್ಪತ್ರೆಯ ಡಾಕ್ಟರು.

“ಹೊಳ್ಯಾಗ ಮುಳಗಿ ಪಂಪಿನ ಫುಟ್‌ವಾಲ್ ಬದಲಿ ಮಾಡಾಕ ನನಗ ಅರ್ಧಾ ತಾಸ ಸಾಕು. ಇವ ಎಂಥಾ ಡಾಕ್ಟರಲೇ!” ಎಂದರು ಕಾಕಾ.

ಮನೆಯ ಗಂಡಸರಿಗೆಲ್ಲ ಕಬ್ಬು ಕಡಿಯುವ ಗಡಿಬಿಡಿ. “ನೀ ಸಾಲಿ ಕಲತಾಕಿ, ನೀನ ಹೋಗ” ಎಂದು ಅಣ್ಣನ ಮಗಳಾದ ನನ್ನನ್ನು ಕಾಕುವಿನ ಜೊತೆ ಕಳಿಸಿದರು. ನಾನು ಪಾಠ ಹೇಳುತ್ತಿದ್ದ ಚಿಕ್ಕೋಡಿಯ ಶಾಲೆಗೆ ರಜೆ ಬರೆದು ಹೊರಟೆ. ಕಲಿತದ್ದಕ್ಕೆ ಇದೇ ಶಿಕ್ಷೆ!

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮರುದಿನ ಬಾಯಿಯ ನಳಿಗೆ ತೆಗೆದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಕಾಕಾ ಕಣ್ಣು ತೆರೆದು ನಮಗೆ ಕೈ ಮುಗಿದರು!

“ನಮಸ್ಕಾರ್ರಿ. ನಾವು ದಿಗ್ಗೇವಾಡಿಯವರು. ಕನ್ಯಾ ನೋಡಾಕ ಬಂದೇವ್ರಿ.”

ಇಷ್ಟು ದೊಡ್ಡ ಆಪರೇಷನ್ ಆದ ಮೇಲೆ ಕೆಲವರಿಗೆ ಹೀಗೆ ಭ್ರಮೆಯಾಗುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯುತ್ತದೆ ಎಂದರು ಡಾಕ್ಟರು. “ಘಾಬರೂ ನಕಾ” ಎಂದು ಮರಾಠಿಯಲ್ಲಿ ಧೈರ್ಯವನ್ನೂ ಹೇಳಿದರು. ಅವರಿಗೇನು, ಹೇಳಿ ಹೋದರು!

ನರ್ಸು ಸಲೈನ್ ಬಾಟಲಿ ತಂದರೆ, “ಚಹಾ ಬ್ಯಾಡ್ರಿ, ಈಗರ ಆಗೇತಿ” ಎನ್ನುವರು. ಪಕ್ಕದ ಹಾಸಿಗೆಯ ಮುದುಕ ನರಳಿದರೆ, “ಅಜ್ಜಾರಿಗೆ ವರ ಮನಸಿಗೆ ಬಂದಂಗಿಲ್ಲ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವರು. ಕಾಕುವನ್ನು ಮಾತ್ರ ದಿಟ್ಟಿಸಿ ನೋಡುವರು.

“ನೀವು ಹುಡಗೀಗೆ ಏನಾಗಬೇಕ್ರಿ?”

“ಅವ್ವ ಆಗಬೇಕ್ರಿ” ಎಂದರು ಕಾಕು, ಸೆರಗು ಬಾಯಿಗೆ ಒತ್ತಿಕೊಂಡು.

ನಗುವುದಷ್ಟೇ ಆಗಿದ್ದರೆ ಸರಿಯಿತ್ತು. ಕಾಕು ಎದ್ದು ಆಚೆ ಹೋದರೆ ಸಾಕು, ಕಾಕಾ ಬೆದರಿ ಎದೆಯ ನಳಿಗೆಗಳಿಗೇ ಕೈ ಹಾಕುತ್ತಿದ್ದರು. ಎರಡು ಸಲ ಅವರ ಕೈ ಕಟ್ಟಬೇಕಾಯಿತು. ಕೊನೆಗೆ ಕಾಕುವೇ ಡಾಕ್ಟರನ್ನು ಕಾಡಿ ಕಟ್ಟು ಬಿಚ್ಚಿಸಿ, ಆ ಕೈ ತಮ್ಮ ಕೈಯಲ್ಲಿ ಹಿಡಿದು ಕುಳಿತರು. ಒಂದೇ ಕೈಯಲ್ಲಿ ರೊಟ್ಟಿ ತಿಂದರು, ಕುಳಿತಲ್ಲೇ ತೂಕಡಿಸಿದರು. ಔಷಧಿ ಅಂಗಡಿಗೂ ಊರಿಗೆ ಫೋನು ಮಾಡಲಿಕ್ಕೂ ಓಡಾಡಿ ನನ್ನ ಕಾಲು ಕಾಲಾಗಿ ಉಳಿಯಲಿಲ್ಲ.

ನಾಲ್ಕನೆಯ ದಿನ ಡಾಕ್ಟರೂ ತಲೆ ಕೆರೆದುಕೊಂಡರು. ಜ್ವರವಿಲ್ಲ, ನಾಡಿ ಚೆನ್ನಾಗಿದೆ, ಆದರೂ ಕಾಕಾ ಇನ್ನೂ ಬೀಗರ ಮನೆಯಲ್ಲೇ ಇದ್ದಾರೆ! ಇವರು ಹೀಗೇ ಉಳಿದುಬಿಟ್ಟರೆ? ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಮುಖ ತೊಳೆದು ಒಳಗೆ ಬಂದಾಗ ಕಾಕಾ ಕಾಕುವಿನ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು.

“ಬಾಯಾರ, ಹುಡಗೀಗೆ ಮೊದಲ ಹೇಳಿಬಿಡ್ರಿ. ಈ ವರನ ಬಾಯಿ ಭಾಳ ಕೆಟ್ಟೈತಿ. ಬೈತಾನ. ಅದು ಸಿಟ್ಟಲ್ರಿ, ಅವಂಗ ಬ್ಯಾರೆ ಮಾತ ಬರಂಗಿಲ್ಲ. ಅಕಿ ಒಲ್ಲೆ ಅಂದರೂ ನಡೀತೈತಿ.”

ಕಾಕು ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಪಡಿಸಿದರು. ಆಮೇಲೆ, “ಕೇಳೇನ್ರಿ. ಹುಡಗಿ ಹೂಂ ಅಂದಾಳ” ಎಂದರು.

ಐದನೆಯ ದಿನ ಬೆಳಿಗ್ಗೆ, “ಏ ಮಬ್ಬ, ಚಹಾಕ್ಕ ಸಕ್ರಿ ಎಲ್ಲೈತಿ?” ಎಂಬ ಗರ್ಜನೆ ಇಡೀ ವಾರ್ಡಿಗೆ ಕೇಳಿಸಿತು. ನರ್ಸು ಬೆಚ್ಚಿದಳು. ಕಾಕು ನಗುತ್ತ ಕಣ್ಣು ಒರೆಸಿಕೊಂಡರು.

ಊರಿಗೆ ಹೊರಡುವ ದಿನ ಕಾಕು ಗುಳಿಗೆ ತರಲು ಹೋಗಿದ್ದರು. ಬಟ್ಟೆ ಗಂಟು ಕಟ್ಟುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಕಾಕಾ, ನಾಕ ದಿನ ನಮ್ಮ ಜೀವಾ ತಿಂದ್ರಿ ನೀವು!”

“ನಾಕಲ್ಲ, ಮೂರು.”

ತಿರುಗಿ ನೋಡಿದೆ. ಕಾಕಾ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಮೂರನೇ ದಿನ ಸಂಜೀಗೇ ಎಚ್ಚರಾತು. ನೋಡತೇನಿ, ಅಕಿ ನನ್ನ ಕೈ ಹಿಡಕೊಂಡ ಕುಂತಾಳ. ಗುರ್ತ ಸಿಕ್ಕಿತು ಅಂದ್ರ ಎಲ್ಲಿ ಕೈ ಬಿಡತಾಳೋ ಅಂತ, ಇನ್ನೊಂದ ದಿನ ಹಂಗ ಇದ್ನಿ.”